ಟೂ ಫಾರ್ಟಿ, ಮರದ ಹಿಂದೆ, ಒಬ್ಬ

ಉಬ್ರಾಣಿ ಚನ್ನಗಿರಿ ತಾಲ್ಲೂಕಿನ ಒಂದು ಹೋಬಳಿ. ಅಡಿಕೆ ತೋಟಗಳು, ಅವುಗಳಾಚೆ ಗುಡ್ಡ, ಕಾಡು. ಈ ಕಡೆಯ ಊರುಗಳಲ್ಲಿ ಸಂಜೆ ಹೊತ್ತು ಕಟ್ಟೆಯ ಮೇಲೆ ಹುಡುಗರು ಮೊಬೈಲನ್ನು ಅಡ್ಡ ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದರೆ ಅವರ ಮಾತು ದಾರಿಯಲ್ಲಿ ಹೋಗುವವರಿಗೆ ಬರೀ ಬಡಬಡಿಕೆ. “ಟೂ ಫಾರ್ಟಿ, ಮರದ ಹಿಂದೆ, ಒಬ್ಬ. ಲೋ ಅದಾನೆ.” “ಜೋನ್ ಬಂತು, ಗಾಡಿ ತೆಗಿಯಲೇ.” “ಸ್ಮೋಕ್ ಹಾಕು, ಸ್ಮೋಕ್ ಹಾಕು!” ಇವೆಲ್ಲ ಕೆಲಸದ ಮಾತುಗಳು. ಈ ಆಟದಲ್ಲಿ ಬಂದೂಕಿನ ಗುರಿಯಷ್ಟೇ, ನನ್ನ ಪ್ರಕಾರ ಅದಕ್ಕಿಂತ ಒಂದು ತೂಕ ಹೆಚ್ಚಾಗಿಯೇ, ನಾಲಿಗೆಯ ಗುರಿ ಮುಖ್ಯ.

ಆಟ ಯಾವುದು ಎಂದು ಮೊದಲು ಹೇಳಿಬಿಡುತ್ತೇನೆ. ಐರ್ಲೆಂಡಿನ ಬ್ರೆಂಡನ್ ಗ್ರೀನ್ ರೂಪಿಸಿದ ಪಬ್‌ಜಿ 2017ರಲ್ಲಿ ಕಂಪ್ಯೂಟರಿಗೆ, 2018ರಲ್ಲಿ ಮೊಬೈಲಿಗೆ ಬಂತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಮೊಬೈಲ್ ಪಬ್‌ಜಿಯನ್ನು ನೂರಕ್ಕೂ ಹೆಚ್ಚು ಆ್ಯಪ್‌ಗಳ ಜೊತೆಗೆ ನಿರ್ಬಂಧಿಸಿತು. ಮುಂದಿನ ವರ್ಷ ಜುಲೈ 2ರಂದು ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನೇ ತುಸು ಬದಲಿಸಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಲ್ಲಿ ತಂದಿತು. ರಕ್ತ ಹಸಿರಾಯಿತು, ‘ಕಿಲ್’ ಹೋಗಿ ‘ಫಿನಿಶ್’ ಬಂತು. 2022ರ ಜುಲೈ ಕೊನೆಗೆ ಅದೂ ಮಾಯವಾಗಿ, 2023ರ ಮೇ ಕೊನೆಗೆ ಮರಳಿತು. ಹುಡುಗರ ಬಾಯಲ್ಲಿ ಅದು ಬಿಜಿಎಂಐ. ಹಳಬರಿಗೆ ಈಗಲೂ ಪಬ್‌ಜಿಯೇ.

ನೂರು ಜನ ವಿಮಾನದಿಂದ ಒಂದು ಕಲ್ಪಿತ ದ್ವೀಪಕ್ಕೆ ಪ್ಯಾರಾಚೂಟ್ ಕಟ್ಟಿಕೊಂಡು ಹಾರುತ್ತಾರೆ. ಎಲ್ಲರಿಗೂ ಪರಿಚಿತವಾದ ಎರಾಂಗಲ್ ದ್ವೀಪ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಇಳಿದವರ ಕೈ ಬರಿಗೈ. ಮನೆಮನೆ ನುಗ್ಗಿ ಬಂದೂಕು, ಗುಂಡು, ಹೆಲ್ಮೆಟ್, ಔಷಧಿ ಹುಡುಕಿಕೊಳ್ಳಬೇಕು. ಸುರಕ್ಷಿತ ಜಾಗದ ವೃತ್ತ, ಹುಡುಗರ ‘ಜೋನ್’, ಹೊತ್ತುಹೊತ್ತಿಗೆ ಕಿರಿದಾಗುತ್ತದೆ, ಹೊರಗುಳಿದವರ ಜೀವ ಕರಗುತ್ತದೆ. ಕೊನೆಗೆ ಉಳಿದವರು ಗೆದ್ದರು. ಒಬ್ಬೊಬ್ಬರೇ ಆಡಬಹುದು, ಇಬ್ಬಿಬ್ಬರಾಗಿ ಆಡಬಹುದು. ಆದರೆ ಆಟದ ಸೊಗಸೆಲ್ಲ ಇರುವುದು ನಾಲ್ಕು ಜನರ ತಂಡದಲ್ಲಿ, ಅಂದರೆ ಸ್ಕ್ವಾಡ್‌ನಲ್ಲಿ.

ಸ್ಕ್ವಾಡ್‌ಗೆ ಮಾತು ಏಕೆ ಅಷ್ಟು ಬೇಕು? ಆಡುವವನ ಕೈ ನೋಡಿದರೆ ಗೊತ್ತಾಗುತ್ತದೆ. ಎಡ ಹೆಬ್ಬೆರಳು ಓಡಿಸುತ್ತಿದೆ, ಬಲ ಹೆಬ್ಬೆರಳು ಗುರಿ ಹಿಡಿದಿದೆ. ಪಳಗಿದವರು ತೋರುಬೆರಳುಗಳನ್ನೂ ಮೇಲಿನಿಂದ ಬಾಗಿಸಿ ತಂದು ಗುಂಡು ಹಾರಿಸುವ ಗುಂಡಿಯ ಮೇಲೆ ಇಟ್ಟಿರುತ್ತಾರೆ. ಕಣ್ಣು ಪರದೆಗೆ ಅಂಟಿದೆ, ಕಿವಿ ಹೆಜ್ಜೆ ಸಪ್ಪಳ ಹುಡುಕುತ್ತಿದೆ. ಬಿಡುವಾಗಿರುವುದು ಬಾಯಿ ಒಂದೇ. ನಕ್ಷೆಯ ಮೇಲೆ ಗುರುತು ಹಾಕಿ ತೋರಿಸಬಹುದು, ನಿಜ. “ಮುಂದೆ ಶತ್ರುಗಳಿದ್ದಾರೆ” ಎಂದು ಸಿದ್ಧ ದನಿಯಲ್ಲಿ ಕೂಗುವ ಗುಂಡಿಯೂ ಇದೆ. ಎರಡಕ್ಕೂ ಹೆಬ್ಬೆರಳು ಎತ್ತಬೇಕು. ಎತ್ತಿದ ಆ ಅರೆಗಳಿಗೆಯಲ್ಲಿ ಎದುರಿನವನು ಹೊಡೆದಿರುತ್ತಾನೆ. ಅಲ್ಲದೆ “ಮುಂದೆ” ಎಂದರೆ ಯಾರ ಮುಂದೆ?

ಇದೇ ಪ್ರಶ್ನೆಗೆ ಉತ್ತರವಾಗಿ ಪರದೆಯ ಮೇಲ್ಗಡೆ ದಿಕ್ಸೂಚಿಯ ಪಟ್ಟಿ ಇದೆ. ಉತ್ತರದಿಂದ ಹೊರಟು 15, 30, ಈಶಾನ್ಯ, 60, 75, ಪೂರ್ವ, ಹೀಗೆ ಹದಿನೈದು ಹದಿನೈದು ಡಿಗ್ರಿಗೆ ಒಂದು ಗುರುತು. ಹುಡುಗರು “ಟೂ ಫಾರ್ಟಿ” ಎನ್ನುವುದು ಇದನ್ನೇ: ನೈಋತ್ಯದಿಂದ ಒಂದು ಮನೆ ಪಶ್ಚಿಮಕ್ಕೆ. “ಅಲ್ಲಿ ಅದಾನೆ ನೋಡಲೇ, ಅಲ್ಲೇ” ಎಂದು ಹತ್ತು ಸಲ ಅರಚುವ ಜಾಗದಲ್ಲಿ ಒಂದು ಸಂಖ್ಯೆ ಕೆಲಸ ಮುಗಿಸುತ್ತದೆ.

ಪೂರ್ತಿ ಮುಗಿಸುತ್ತದೆಯೇ? ಇಲ್ಲ. ಚೆನ್ನಾಗಿ ಆಡುವವರಿಗೂ ಬರೇ ಆಡುವವರಿಗೂ ವ್ಯತ್ಯಾಸ ಇಲ್ಲೇ ಕಾಣುವುದು. ಸಂಖ್ಯೆ ಹೇಳಿದವನು ನಿಂತ ಜಾಗದಿಂದ ಅದು 240. ಅವನ ಪಕ್ಕಕ್ಕೆ ನೂರು ಮೀಟರ್ ದೂರದಲ್ಲಿ ಜೊತೆಗಾರ ನಿಂತಿದ್ದಾನೆ, ಶತ್ರು ಇನ್ನೂರು ಮೀಟರ್ ಆಚೆ ಇದ್ದಾನೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಜೊತೆಗಾರನಿಗೆ ಅದೇ ಶತ್ರು ಸುಮಾರು 27 ಡಿಗ್ರಿ ಆಚೀಚೆ ಕಾಣುತ್ತಾನೆ, ಅಂದರೆ ಪಟ್ಟಿಯ ಮೇಲೆ ಹೆಚ್ಚುಕಡಿಮೆ ಎರಡು ಮನೆ ತಪ್ಪು. ಅವನು 240ನ್ನೇ ನಂಬಿ ದುರ್ಬೀನು ತಿರುಗಿಸಿದರೆ ಖಾಲಿ ಹುಲ್ಲುಗಾವಲು. ಹಾಗಾಗಿ ಪಳಗಿದ ಬಾಯಿ “ನನ್ನಿಂದ ಟೂ ಫಾರ್ಟಿ” ಎಂದು ಶುರುಮಾಡುತ್ತದೆ, ಕೂಡಲೇ ಒಂದು ಕುರುಹು ಸೇರಿಸುತ್ತದೆ: ಮರ, ಕಲ್ಲು, ಕೆಂಪು ಮನೆ, ನಿಂತ ಜೀಪು. ಆಮೇಲೆ ಎಷ್ಟು ಜನ. ಆಮೇಲೆ ಅವರ ಸ್ಥಿತಿ: ಓಡುತ್ತಿದ್ದಾರಾ, ಏಟು ತಿಂದು ‘ಲೋ’ ಆಗಿದ್ದಾರಾ, ಅಂದರೆ ಜೀವ ಕಡಿಮೆಯಾಗಿದೆಯಾ. ದಿಕ್ಕು, ಕುರುಹು, ಎಣಿಕೆ, ಸ್ಥಿತಿ. “ನನ್ನಿಂದ ಟೂ ಫಾರ್ಟಿ, ಮರದ ಹಿಂದೆ, ಒಬ್ಬ, ಲೋ ಅದಾನೆ” ಎನ್ನುವುದಕ್ಕೆ ಎರಡು ಮೂರು ಸೆಕೆಂಡು ಸಾಕು. ಅನುಕ್ರಮವೂ ಸುಮ್ಮನೆ ಬಂದದ್ದಲ್ಲ. ದಿಕ್ಕು ಮೊದಲು ಕಿವಿಗೆ ಬಿದ್ದರೆ ಮಿಕ್ಕದ್ದನ್ನು ಕೇಳಿಸಿಕೊಳ್ಳುವಷ್ಟರಲ್ಲಿ ಜೊತೆಗಾರನ ಬಂದೂಕು ಆ ಕಡೆ ತಿರುಗಿರುತ್ತದೆ. “ಒಬ್ಬ ಅದಾನೆ ಕಣಲೇ, ಲೋ ಅದಾನೆ” ಎಂದು ಶುರುಮಾಡಿದರೆ ಉಳಿದ ಮೂವರೂ ಮೂರು ದಿಕ್ಕಿಗೆ ತಲೆ ತಿರುಗಿಸಿ ನಿಂತಿರುತ್ತಾರೆ.

ಮಾತಿನಷ್ಟೇ ದೊಡ್ಡ ಕಸುಬು ಸುಮ್ಮನಿರುವುದು. ಹೆಜ್ಜೆ ಸಪ್ಪಳ, ಬಾಗಿಲು ತೆಗೆದ ಸದ್ದು, ಬಂದೂಕಿಗೆ ಗುಂಡು ತುಂಬುವ ಟಕ್ಕು, ಎಲ್ಲವೂ ಇಯರ್‌ಫೋನಿನಲ್ಲಿ ಎಡಬಲ ತಿಳಿಯುವಂತೆ ಕೇಳುತ್ತವೆ. ಗೆಳೆಯ ಅದೇ ಇಯರ್‌ಫೋನಿನಲ್ಲಿ ನಿನ್ನೆಯ ಕ್ರಿಕೆಟ್ ಮ್ಯಾಚಿನ ಕಥೆ ಹೇಳುತ್ತಿದ್ದರೆ ಮೆಟ್ಟಿಲು ಹತ್ತಿ ಬಂದವನು ಗೊತ್ತಾಗುವುದೇ ಇಲ್ಲ. ತಂಡದಲ್ಲಿ ಒಬ್ಬನೇ ಉಳಿದು ಎದುರಿಗೆ ಇಬ್ಬರಿದ್ದಾಗ, ಹುಡುಗರ ಮಾತಿನಲ್ಲಿ ‘ಕ್ಲಚ್’ ಹೊತ್ತಿನಲ್ಲಿ, ಸತ್ತ ಮೂವರೂ ಬಾಯಿ ಮುಚ್ಚಬೇಕು. ಅವರಿಗೆ ಅವನ ಪರದೆ ಕಾಣುತ್ತಿರುತ್ತದೆ, ಸಲಹೆ ನಾಲಿಗೆ ತುದಿಯಲ್ಲಿರುತ್ತದೆ. ಎಡಕ್ಕೆ ಹೋಗು, ಬಲಕ್ಕೆ ಹೋಗು, ಬಾಂಬ್ ಹಾಕು! ಮೂವರ ಮೂರು ಸಲಹೆಯನ್ನೂ ಒಟ್ಟಿಗೆ ಕೇಳಿದವನು ಉಳಿದದ್ದು ನಾನಂತೂ ಕಂಡಿಲ್ಲ.

ಇಬ್ಬರು ಒಟ್ಟಿಗೆ ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಆಟವಲ್ಲದ, ಘೋರವಾದ ಉದಾಹರಣೆ ಟೆನೆರಿಫ್ ದ್ವೀಪದ ವಿಮಾನ ದುರಂತ. 1977ರ ಮಾರ್ಚ್ 27ರಂದು ಮಂಜು ಕವಿದ ರನ್‌ವೇ ಮೇಲೆ ಕೆಎಲ್ಎಂ ಮತ್ತು ಪ್ಯಾನ್ ಆ್ಯಮ್ ಕಂಪನಿಗಳ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಕಾಯಿರಿ ಎಂದು ಕಂಟ್ರೋಲ್ ಟವರ್ ಹೇಳಿದ್ದೂ, ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಎಂದು ಪ್ಯಾನ್ ಆ್ಯಮ್ ಹೇಳಿದ್ದೂ ರೇಡಿಯೊದಲ್ಲಿ ಒಂದೇ ಗಳಿಗೆಗೆ ಬಂದು ಒಂದರ ಮೇಲೊಂದು ಬಿದ್ದವು. ಕೆಎಲ್ಎಂ ಕಾಕ್‌ಪಿಟ್‌ಗೆ ಮುಖ್ಯವಾದ ಆ ಮಾತು ಕಿರುಗುಟ್ಟುವ ಸದ್ದಾಗಿ ತಲುಪಿತು. ಆ ದುರಂತದ ನಂತರ ವಿಮಾನಯಾನದ ಮಾತಿನ ಶಿಸ್ತು ಇನ್ನಷ್ಟು ಬಿಗಿಯಾಯಿತು. ಮೊಬೈಲ್ ಆಟಕ್ಕೂ ಅದಕ್ಕೂ ಹೋಲಿಕೆ ಏನು ಎನ್ನಬಹುದು. ಪಣವಾಗಿಟ್ಟದ್ದು ಬೇರೆ, ಒಪ್ಪುತ್ತೇನೆ. ಕಿವಿಯ ಮಿತಿ ಮಾತ್ರ ಎರಡು ಕಡೆಯೂ ಒಂದೇ.

ಇನ್ನು ‘ನಾಕ್’. ಗುಂಡು ಬಿದ್ದು ಜೀವ ಸೊನ್ನೆಯಾದವನು ತಂಡದಲ್ಲಿ ಯಾರಾದರೂ ನಿಂತಿದ್ದರೆ ಕೂಡಲೇ ಸಾಯುವುದಿಲ್ಲ, ನೆಲಕ್ಕೆ ಬಿದ್ದು ತೆವಳುತ್ತಾನೆ. ಗೆಳೆಯ ಬಂದು ಪಕ್ಕ ಕೂತು ಸುಮಾರು ಹತ್ತು ಸೆಕೆಂಡು ಆರೈಕೆ ಮಾಡಿದರೆ ಏಳುತ್ತಾನೆ. ಇಡೀ ಆಟದಲ್ಲಿ ತಂಡದ ಗುಣ ಬಯಲಾಗುವುದು ಈ ಹತ್ತು ಸೆಕೆಂಡಿನಲ್ಲಿ.

ಒಂದನ್ನು ಹತ್ತಿರದಿಂದ ನೋಡೋಣ. ಇಳಿಜಾರಿನಲ್ಲಿ ಒಬ್ಬ ಬಿದ್ದಿದ್ದಾನೆ. ಅವನ ಮೊದಲ ಕೆಲಸ “ಬನ್ರಲೇ, ಬನ್ರಲೇ” ಎಂದು ಗೋಗರೆಯುವುದಲ್ಲ. ತನಗೆ ಎಲ್ಲಿಂದ ಬಿತ್ತು ಎಂದು ತಂಡದಲ್ಲಿ ಸರಿಯಾಗಿ ಬಲ್ಲವನು ಆ ಹೊತ್ತಿಗೆ ಅವನೊಬ್ಬನೇ. “ಟೂ ಟೆನ್, ಕಲ್ಲಿನ ಹಿಂದೆ, ಇಬ್ರು. ಒಬ್ಬನಿಗೆ ನಾನೂ ಹೊಡ್ದೀನಿ.” ಅಷ್ಟು ಹೇಳಿ ತಾನಾಗಿಯೇ ಮರದ ಮರೆಗೆ ತೆವಳುತ್ತಾನೆ. ಎರಡನೆಯವನು ಹೊಗೆ ಬಾಂಬ್ ಎಸೆಯುತ್ತಾನೆ. ಹೊಸಬರು ಬಿದ್ದವನ ಮೈಮೇಲೇ ಎಸೆಯುತ್ತಾರೆ. ಆಗ ಶತ್ರು ಕಣ್ಣು ಮುಚ್ಚಿಕೊಂಡು ಹೊಗೆಯ ನಡುವಿಗೆ ಗುಂಡು ಸುರಿದರೂ ಇಬ್ಬರಿಗೂ ತಾಗುತ್ತದೆ. ಬಲ್ಲವನು ಬಿದ್ದವನಿಗೂ ಶತ್ರುವಿಗೂ ನಡುವೆ ಎಸೆದು ಪರದೆ ಎಳೆಯುತ್ತಾನೆ, ಕೈಲಿದ್ದರೆ ಇನ್ನೊಂದನ್ನು ಬೇರೆ ಕಡೆ ಹಾಕಿ ದಾರಿ ತಪ್ಪಿಸುತ್ತಾನೆ. ಹೊಗೆ ಹರಡಲು ಕೆಲವು ಸೆಕೆಂಡು ಬೇಕು. ಅಲ್ಲಿಯವರೆಗೆ ಮೂರನೆಯವನು ಕಲ್ಲಿನ ಮೇಲೆ ಬಿಡದೆ ಗುಂಡು ಹಾರಿಸುತ್ತಿರಬೇಕು. ಯಾರಿಗೂ ತಾಗದಿದ್ದರೂ ಸರಿ, ಎದುರಿನವರು ತಲೆ ಎತ್ತಬಾರದು. ನಾಲ್ಕನೆಯವನ ಕಣ್ಣು ಬೆನ್ನ ಹಿಂದೆ, ಏಕೆಂದರೆ ಗುಂಡಿನ ಸದ್ದು ಕೇಳಿ ಮೂರನೇ ತಂಡವೊಂದು ಹೊಂಚುಹಾಕಿ ಬರುವುದು ಇಲ್ಲಿ ಮಾಮೂಲು. ಆರೈಕೆ ಮಾಡುವವನು ಎಣಿಸುತ್ತಾನೆ: “ಐದು... ಮೂರು...” ಈ ಎಣಿಕೆ ಬಿದ್ದವನಿಗಲ್ಲ, ಕಾವಲಿನವರಿಗೆ, ಇನ್ನೆಷ್ಟು ಹೊತ್ತು ತಡೆಯಬೇಕೆಂದು ಅವರಿಗೆ ಗೊತ್ತಾಗಬೇಕಲ್ಲ. ಶತ್ರು ಹೊಗೆಯೊಳಗೆ ನುಗ್ಗಿದರೆ ಮೂರನೆಯವನು “ಬಿಡು, ಬಿಡು!” ಎನ್ನುತ್ತಾನೆ. ಎಂಟನೇ ಸೆಕೆಂಡಿನಲ್ಲಿದ್ದರೂ ಬಿಟ್ಟು ಬಂದೂಕು ಎತ್ತಬೇಕು. ಗೆಳೆಯನನ್ನು ಅರ್ಧಕ್ಕೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಒಪ್ಪಿಸಿಕೊಂಡ ತಂಡ ಮಾತ್ರ ಮುಂದೆ ಹೋಗುತ್ತದೆ.

ಹೀಗೆ ಕೆಲಸ ಹಂಚಿಕೊಂಡು ಒಬ್ಬರ ಕೂಗಿಗೆ ಇನ್ನೊಬ್ಬರು ಕಿವಿಗೊಡುವುದು ಈ ಕಡೆಯವರಿಗೆ ತೀರಾ ಹೊಸದೇನಲ್ಲ. ಅಡಿಕೆ ಕೊಯ್ಲಿನಲ್ಲಿ ದೋಟಿ ಹಿಡಿದವನ ಕಣ್ಣು ಕೊನೆಯ ಮೇಲಿದ್ದರೆ, ಕೆಳಗೆ ನಿಂತವನ ಕಣ್ಣು ಅದು ಬೀಳುವ ಜಾಗದ ಮೇಲೆ. ನಡುವೆ ಒಂದೇ ಒಂದು ಕೂಗು. ಅದು ತಡವಾದರೆ ಕೊನೆ ತಲೆಯ ಮೇಲೆ.

ನಾಲ್ವರಲ್ಲಿ ಒಬ್ಬ ‘ಐಜಿಎಲ್’, ಆಟದೊಳಗಿನ ನಾಯಕ. ಅಸಾಲ್ಟರ್ ಮುಂದೆ ನುಗ್ಗುತ್ತಾನೆ, ಸ್ನೈಪರ್ ದೂರದಿಂದ ಹೊಡೆಯುತ್ತಾನೆ, ಸಪೋರ್ಟ್‌ನವನು ಹೊಗೆ, ಔಷಧಿ, ಹೆಚ್ಚಿನ ಗುಂಡು ಹೊತ್ತಿರುತ್ತಾನೆ. “ಫೈವ್ ಐತಾ, ಸೆವೆನ್ ಐತಾ” ಎಂದು ಕೇಳುವುದು 5.56 ಮತ್ತು 7.62 ಅಳತೆಯ ಗುಂಡುಗಳನ್ನು. ನಾಯಕನಿಗೆ ಎಲ್ಲರಿಗಿಂತ ಒಳ್ಳೆಯ ಗುರಿ ಇರಬೇಕೆಂದೇನಿಲ್ಲ. ಅವನು ನಕ್ಷೆ ಓದುತ್ತಾನೆ: ಮುಂದಿನ ವೃತ್ತ ಎಲ್ಲಿ, ಯಾವ ಗುಡ್ಡ ಮೊದಲೇ ಹಿಡಿಯಬೇಕು, ಯಾವ ಜಗಳಕ್ಕೆ ಹೋಗಬಾರದು. ದೊಡ್ಡ ಟೂರ್ನಿಗಳಲ್ಲಿ ಒಂದು ಪಂದ್ಯಕ್ಕೆ 16 ತಂಡ, 64 ಜನ. ಈಗಿನ ಲೆಕ್ಕದಲ್ಲಿ ಕೊನೆಯವರೆಗೆ ಉಳಿದ ತಂಡಕ್ಕೆ 10 ಅಂಕ, ಎರಡನೆಯದಕ್ಕೆ 6, ಮೂರನೆಯದಕ್ಕೆ 5. ಜೊತೆಗೆ ಹೊಡೆದುರುಳಿಸಿದ ಪ್ರತಿ ಆಟಗಾರನಿಗೆ 1. ಹೊಡೆಯಬೇಕೋ, ಅಡಗಿ ಉಳಿಯಬೇಕೋ ಎಂಬ ತೂಗಾಟ ನಾಯಕನ ತಲೆಯಲ್ಲಿ ಪ್ರತಿ ನಿಮಿಷ ನಡೆದಿರುತ್ತದೆ. ಅವನು ತಪ್ಪು ಹೇಳಿದರೂ ಆ ಹೊತ್ತಿಗೆ ನಾಲ್ವರೂ ಅದನ್ನೇ ಮಾಡಬೇಕು, ಲೆಕ್ಕಾಚಾರ ಆಟ ಮುಗಿದು ಲಾಬಿಗೆ ಬಂದ ಮೇಲೆ. ಇಬ್ಬರು ಗುಡ್ಡಕ್ಕೆ, ಇಬ್ಬರು ಮನೆಗೆ ಹೋದ ತಂಡ ಎರಡು ಕಡೆಯೂ ಸಾಯುತ್ತದೆ.

ದಾಳಿಗೆ ಇಳಿದಾಗ ನಾಯಕ ಎಣಿಸುವುದನ್ನೂ ಗಮನಿಸಬೇಕು. “ಮೂರು, ಎರಡು, ಒಂದು” ಎಂದೊಡನೆ ನಾಲ್ವರೂ ಬೇರೆ ಬೇರೆ ಮರೆಯಿಂದ ಒಟ್ಟಿಗೆ ಇಣುಕುತ್ತಾರೆ. ಎದುರಿನವನು ಗುರಿ ಇಡಬಲ್ಲದ್ದು ಒಬ್ಬನ ಮೇಲೆ ಮಾತ್ರ. ಒಬ್ಬರ ಹಿಂದೊಬ್ಬರು ಇಣುಕಿದರೆ ಅದೇ ಒಬ್ಬ ನಾಲ್ವರನ್ನೂ ಸಾಲಾಗಿ ಮಲಗಿಸಬಲ್ಲ.

ಊರಿನ ತಂಡ ಎಂದರೆ ನಾಲ್ವರೂ ಒಂದೇ ಕಟ್ಟೆಯಲ್ಲಿ ಇರಬೇಕೆಂದಿಲ್ಲ. ಒಬ್ಬ ಬೆಂಗಳೂರಿನ ಪಿಜಿಯಲ್ಲಿ, ಒಬ್ಬ ದಾವಣಗೆರೆಯ ಹಾಸ್ಟೆಲಿನಲ್ಲಿ, ಇನ್ನಿಬ್ಬರು ಊರಲ್ಲಿ. ಗುಡ್ಡದ ಮರೆಯ ಮನೆಗಳಲ್ಲಿ ಸಿಗ್ನಲ್ ಕುಂಟುತ್ತದೆ; ನೆಟ್‌ವರ್ಕ್ ನಿಧಾನವಾಗಿ ಪಿಂಗ್ ಕೆಂಪಾದವನ ‘ಕಾಲ್’, ಅಂದರೆ ಅವನು ಕೂಗಿ ಹೇಳುವ ಸುದ್ದಿ, ತಡವಾಗಿ ಬರುತ್ತದೆ, ಅವನು ಹೇಳಿದ ಶತ್ರು ಅಷ್ಟರಲ್ಲಿ ಬೇರೆ ಮರದ ಹಿಂದಿರುತ್ತಾನೆ. ಅಂಥವನಿಗೆ ಮುಂದೆ ನುಗ್ಗುವ ಕೆಲಸ ಕೊಡದೆ ಹಿಂದಿನ ಕಾವಲು ಕೊಡುವುದು ಒಳ್ಳೆಯ ನಾಯಕನ ಲಕ್ಷಣ. ನಾಲ್ಕನೆಯವನು ಸಿಗದಿದ್ದರೆ ಆಟವೇ ಯಾರೋ ಅಪರಿಚಿತನನ್ನು ಸೇರಿಸುತ್ತದೆ. ಅವನು ‘ರ್‍ಯಾಂಡಮ್’. ಆಗ ಲೇ ಹೋಗಿ ಬ್ರೋ ಬರುತ್ತದೆ, ಭಾಯ್ ಬರುತ್ತದೆ, ಹರಕುಮುರುಕು ಹಿಂದಿ ಬರುತ್ತದೆ, ಅವನೂ ಕನ್ನಡದವನೇ ಎಂದು ಗೊತ್ತಾದ ಗಳಿಗೆಗೆ “ಅಣ್ಣ, ಯಾವೂರು?” ಬರುತ್ತದೆ. ಮೈಕ್ ತೆರೆದಿದ್ದರೆ ಮನೆಯ ಸದ್ದೂ ಆಟದೊಳಕ್ಕೆ ಬರುತ್ತದೆ. ಕೊನೆಯ ವೃತ್ತದಲ್ಲಿ ಎಲ್ಲರೂ ಉಸಿರು ಹಿಡಿದಿದ್ದಾಗ ಯಾರದೋ ಅಮ್ಮ “ಮುದ್ದೆ ಆರ್ತೈತೆ, ಬಾರೋ” ಅನ್ನುವುದು ನಾಲ್ಕು ಊರಿಗೂ ಕೇಳುತ್ತದೆ.

ಎಲ್ಲವೂ ಚೆಂದ ಎಂದು ನಾನು ಹೇಳುತ್ತಿಲ್ಲ. ಸೋತಾಗ ತಪ್ಪನ್ನು ಒಬ್ಬನ ತಲೆಗೆ ಕಟ್ಟಿ ಬೈಯುವ ಚಟ ಈ ಆಟದ ದೊಡ್ಡ ಕೊಳೆ. ಬೈಗುಳ ತಿಂದವನು ಮುಂದಿನ ಆಟದಲ್ಲಿ ಕಾಲ್ ಕೊಡುವುದನ್ನೇ ನಿಲ್ಲಿಸುತ್ತಾನೆ, ತಂಡಕ್ಕೆ ಒಂದು ಕಣ್ಣು ಕಡಿಮೆಯಾಗುತ್ತದೆ. ಹೊತ್ತಿನ ವಿಚಾರವೂ ಇದೆ: 2023ರಲ್ಲಿ ಮರಳಿದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂದು ಕಂಪನಿ ಮಿತಿ ಇಟ್ಟಿತು. ಆರು ಗಂಟೆಯೂ ನನ್ನ ಲೆಕ್ಕಕ್ಕೆ ಹೆಚ್ಚೇ. ಇನ್ನೊಂದು ಕಡೆ, 2022ರ ಡಿಸೆಂಬರಿನಲ್ಲಿ ಇ-ಸ್ಪೋರ್ಟ್ಸ್ ಕೇಂದ್ರದ ಯುವಜನ ಮತ್ತು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ಬಂತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕಾಯ್ದೆಯೂ ಇ-ಸ್ಪೋರ್ಟ್ಸ್‌ಗೆ ಬೇರೆಯಾಗಿ ಮನ್ನಣೆ ಕೊಟ್ಟಿದೆ.

ಹೊಸದಾಗಿ ಆಡಲು ಕೂರುವವರು ಬಂದೂಕು ಆರಿಸುವ ಮೊದಲು ಎರಡು ಕೆಲಸ ಮಾಡಿ. ಮೈಕ್ ‘ಆಲ್’ನಲ್ಲಿದ್ದರೆ ‘ಟೀಮ್’ಗೆ ಬದಲಿಸಿ, ಇಲ್ಲದಿದ್ದರೆ ನೀವು ಹೇಳುವ ಗುಟ್ಟು ಪಕ್ಕದ ಮನೆಯಲ್ಲಿ ಅಡಗಿದ ಶತ್ರುವಿಗೂ ಕೇಳುತ್ತದೆ. ಆಮೇಲೆ ಒಂದು ವಾರ, ಕಂಡದ್ದನ್ನೆಲ್ಲ ದಿಕ್ಸೂಚಿಯ ಸಂಖ್ಯೆಯಲ್ಲಿ ಹೇಳುವುದನ್ನು ರೂಢಿಸಿಕೊಳ್ಳಿ. ಗುರಿ ನಿಧಾನಕ್ಕೆ ಬರಲಿ.