ಲಾಂಟಾನದ ಸಿಂಹಾಸನ

ಹರವೆ, ತೆರಕಣಾಂಬಿ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಎಂದರೆ ಅರ್ಧ ಸೀನರಿ. ಪಾತ್ರ ಕಟ್ಟುವವರು ಊರಿನವರೇ, ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ಸೀನರಿ ಬಾಡಿಗೆಗೆ ಬರುತ್ತದೆ: ದರ್ಬಾರ್ ಸೀನು, ಕಾಡಿನ ಸೀನು, ಬೀದಿ ಸೀನು, ಅಕ್ಕಪಕ್ಕಕ್ಕೆ ಸೈಡ್ ವಿಂಗು. ‘ಕುರುಕ್ಷೇತ್ರ’ದಲ್ಲಿ ಅದೇ ಬಣ್ಣದ ಕಂಬಗಳು ಒಮ್ಮೆ ಹಸ್ತಿನಾವತಿ, ಇನ್ನೊಮ್ಮೆ ದ್ವಾರಕೆ. ಬೆಳಗಿನ ಜಾವದವರೆಗೆ ಕೂತು ನೋಡುವ ಜನ ಇದನ್ನು ತಕರಾರಿಲ್ಲದೆ ಒಪ್ಪುತ್ತಾರೆ. ಸಾಂಕೇತಿಕ ರಂಗಸಜ್ಜಿಕೆ ಪೇಟೆಯವರ ಕಲೆ, ಹಳ್ಳಿಗೆ ದಕ್ಕುವುದಿಲ್ಲ ಎಂಬ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೇ.

ಕಣ್ಣಿಗೆ ಎಲ್ಲವನ್ನೂ ತಂದು ತೋರಿಸುವ ದಾರಿಯಲ್ಲಿ ನಮ್ಮ ಕಂಪನಿ ನಾಟಕಗಳು ಬಹಳ ದೂರ ನಡೆದವು. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಆ ವೈಭವಕ್ಕೆ ಅದರದೇ ಘನತೆಯಿದೆ. ಸಾಂಕೇತಿಕ ಸಜ್ಜಿಕೆ ಹಿಡಿಯುವುದು ಬೇರೆ ದಾರಿ. ಆನೆಯನ್ನು ತರದೆ, ಆನೆಯ ಭಾರ ನೋಡುವವನ ಮೈಗೆ ತಟ್ಟುವಂತೆ ಮಾಡುವುದು ಅದರ ಕೆಲಸ.

ಈ ಕಸುಬನ್ನು ಅರಿಯಲು ಗಿರೀಶ ಕಾರ್ನಾಡರ ‘ತುಘಲಕ್’ನಷ್ಟು ಒಳ್ಳೆಯ ಪಾಠ ಕನ್ನಡದಲ್ಲಿ ಕಡಿಮೆ. 1964ರ ಈ ನಾಟಕದ 13 ದೃಶ್ಯಗಳ ಕಟ್ಟಡ ಬಂದದ್ದು ಹಳೆಯ ಕಂಪನಿ ನಾಟಕದಿಂದಲೇ. ಅಲ್ಲಿ ಬೀದಿ ಪರದೆ ಇಳಿಸಿ ಮುಂದೆ ಹಾಸ್ಯ ನಡೆಸುತ್ತಿದ್ದರು, ಅಷ್ಟರಲ್ಲಿ ಹಿಂದೆ ದರ್ಬಾರು ಸಿದ್ಧವಾಗುತ್ತಿತ್ತು. ಕಾರ್ನಾಡರು ಮುಂದಿನ ಆ ಕಿರಿದಾದ ಜಾಗವನ್ನು ಅಜೀಜ್, ಆಜಮರಂಥ ಠಕ್ಕರಿಗೆ ಕೊಟ್ಟರು, ಹಿಂದಿನ ಆಳವನ್ನು ಸುಲ್ತಾನನಿಗೆ. ಕೊನೆಗೆ ಅಜೀಜ್ ಸುಲ್ತಾನನ ಎದುರಿಗೇ ಬಂದು ನಿಲ್ಲುತ್ತಾನೆ. ರಾಜ್ಯದ ಗೋಡೆ ಕುಸಿದದ್ದನ್ನು ಹೇಳಲು ಆ ಗೆರೆ ದಾಟಿದ್ದೇ ಸಾಕು. ಇಂಥ ಗೆರೆಯನ್ನು ಪಠ್ಯದಲ್ಲೇ ಹುಡುಕಿ ನೆಲದ ಮೇಲೆ ಎಳೆಯುವುದು ವಿನ್ಯಾಸಕಾರನ ಮೊದಲ ಕೆಲಸ. ಮರ, ಬಟ್ಟೆ, ಬಣ್ಣದ ಮಾತು ಆಮೇಲಿನದು.

1974ರಲ್ಲಿ ಇಬ್ರಾಹಿಂ ಅಲ್ಕಾಜಿ ದಿಲ್ಲಿಯ ಪುರಾನಾ ಕಿಲಾದಲ್ಲಿ ‘ತುಘಲಕ್’ ಆಡಿಸಿದರು. ಅವರಿಗೆ ಕೋಟೆಯೇ ಸಿಕ್ಕಿತ್ತು. ಹರವೆಯಂಥ ಊರಿನ ಶಾಲಾ ಬಯಲಲ್ಲಿ ಆಡಿಸುವುದಾದರೆ ಏನು ಮಾಡಬೇಕು?

ನನ್ನ ಮನಸ್ಸಿಗೆ ಬರುವುದು ಲಾಂಟಾನ. ನಾಟಕದಲ್ಲಿ ಸುಲ್ತಾನ ಗುಲಾಬಿ ತೋಟದ ಕನಸು ಕಂಡವನು. ಕವಿ ಸಾದಿಯ ಪ್ರೀತಿಯಿಂದ ಹುಟ್ಟಿದ ಆ ತೋಟದಲ್ಲೇ ಕೊನೆಗೆ ಖೋಟಾ ತಾಮ್ರದ ನಾಣ್ಯಗಳ ರಾಶಿ ಬೀಳುತ್ತದೆ. ಲಾಂಟಾನವೂ ಒಂದು ಕಾಲಕ್ಕೆ ಹೂವಿನ ಅಂದಕ್ಕೆಂದು ಈ ನಾಡಿಗೆ ತಂದ ಗಿಡವೇ. ಇಂದು ಬಂಡೀಪುರ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳ ನೆಲವನ್ನು ಅದು ನುಂಗಿ ಕೂತಿದೆ. ಗುಂಡ್ಲುಪೇಟೆ ದಾಟಿ ಬಂಡೀಪುರದ ರಸ್ತೆ ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳ್ಳೆಯ ಉದ್ದೇಶ ಕೈಮೀರಿ ಹೋದ ಕಥೆಗೆ ಇದಕ್ಕಿಂತ ಹತ್ತಿರದ ಸಂಕೇತ ಈ ಸೀಮೆಯಲ್ಲಿ ನನಗೆ ಕಾಣುವುದಿಲ್ಲ.

ಬೆಟ್ಟದ ಸೋಲಿಗರು ಲಾಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿ ಕುರ್ಚಿ, ಮೇಜು ಮಾಡುತ್ತಾರೆ. ಅದೇ ಕೈಗಳಿಂದ ಒಂದು ಸಿಂಹಾಸನ ಮಾಡಿಸಬಹುದು. ಮೊದಲ ದೃಶ್ಯದಲ್ಲಿ ಅದು ಸುಲಿದು ನಯವಾದ ಪೀಠ. ದೃಶ್ಯ ಬದಲಾದಂತೆಲ್ಲ ನಟರೇ ಸುಲಿಯದ ಕಡ್ಡಿಗಳನ್ನು ತಂದು ಅದರ ಬೆನ್ನಿಗೆ ಸಿಕ್ಕಿಸುತ್ತ ಹೋಗಲಿ. ಸುಲ್ತಾನ ಸಿಂಹಾಸನದಲ್ಲೇ ನಿದ್ದೆ ಹೋಗುವ ಕೊನೆಯ ದೃಶ್ಯದ ಹೊತ್ತಿಗೆ ಅವನ ಸುತ್ತ ಪೊದೆಯೇ ಬೆಳೆದಿರುತ್ತದೆ.

ನಟನ ಕೈಗೆ ಬಾರದ ಸಂಕೇತ ಬರೀ ಅಲಂಕಾರ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ 1912ರ ಹೊತ್ತಿಗೆ ಗಾರ್ಡನ್ ಕ್ರೇಗ್ ‘ಹ್ಯಾಮ್ಲೆಟ್’ಗೆ ಮಾಡಿದ ದರ್ಬಾರಿನ ದೃಶ್ಯ ನೆನೆಯಿರಿ. ಎತ್ತರದಲ್ಲಿ ರಾಜ, ಅವನ ಭುಜದಿಂದ ಇಳಿದು ಇಡೀ ರಂಗ ತುಂಬುವ ಒಂದೇ ಬಂಗಾರದ ನಿಲುವಂಗಿ, ಅದರ ತೂತುಗಳಿಂದ ಹೊರಬಂದ ಆಸ್ಥಾನಿಕರ ತಲೆಗಳು. ಹ್ಯಾಮ್ಲೆಟ್ ಮಾತ್ರ ಆ ಬಂಗಾರಕ್ಕೆ ಸೇರದೆ ಬೇರೆಯಾಗಿ ಕೂತಿದ್ದ. ಬಟ್ಟೆಯೊಳಗೆ ಮನುಷ್ಯರು ಸಿಕ್ಕಿಕೊಂಡಿದ್ದರಿಂದಲೇ ಅದು ಅರಮನೆಯಾಯಿತು.

ಇದನ್ನು ಕಲಿಯಲು ಹರವೆಯ ಹುಡುಗರು ಬಹಳ ದೂರ ಹೋಗಬೇಕಿಲ್ಲ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ ಮೈಸೂರಿನಲ್ಲೇ ಇದೆ. ಅಲ್ಲಿನ ವನರಂಗಕ್ಕೆ ಸೂರಿಲ್ಲ, ಸುತ್ತಲಿನ ಗಿಡಮರಗಳೂ ನಾಟಕದ ಪಾಲಿಗೆ ಸಜ್ಜಿಕೆಯೇ. ಇನ್ನೂ ಮುಂದೆ ಹೋಗುವವರಿಗೆ ಹೆಗ್ಗೋಡಿನಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರವಿದೆ. ಊರಲ್ಲೇ ಶುರುಮಾಡುವವರಿಗೂ ದಾರಿಯಿದೆ. ಮುಂದಿನ ‘ಕುರುಕ್ಷೇತ್ರ’ಕ್ಕೆ ಸೀನರಿ ಪೂರ್ತಿ ಬರಲಿ, ಒಂದು ದೃಶ್ಯಕ್ಕೆ ಮಾತ್ರ ಪರದೆ ಎತ್ತಿಬಿಡಿ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುವ ದೃಶ್ಯವಾದರೆ ಒಳ್ಳೆಯದು. ಒಂದು ನೀಲಿ ಸೀರೆ, ಅದನ್ನು ಎರಡು ಕಡೆ ಹಿಡಿದು ನಿಲ್ಲುವ ಇಬ್ಬರು ಬೇಕು. ಸೀರೆ ಯಾವ ಎತ್ತರದಲ್ಲಿರಬೇಕು, ಭೀಮನ ಕೂಗಿಗೆ ಎಷ್ಟು ಅಲುಗಬೇಕು ಎಂಬುದನ್ನು ಹಾರ್ಮೋನಿಯಂ ಮೇಷ್ಟ್ರ ಜೊತೆ ಕೂತು ತಾಲೀಮಿನಲ್ಲೇ ತೀರ್ಮಾನಿಸಿಕೊಳ್ಳಬೇಕು.