ಸಿಂಕಿನ ಲೋಳೆ ಮತ್ತು ಬ್ಯಾಕ್ಟೀರಿಯಾದ ಸ್ವಿಚ್ಚು



ಪಾತ್ರೆ ತೊಳೆಯುವ ಸಿಂಕಿನ ಪೈಪು ಬಿಚ್ಚಿದರೆ ಒಳಗೆ ಬೆರಳಿಗೆ ಹತ್ತುವ ಲೋಳೆಯನ್ನು ನಾವೆಲ್ಲರೂ ಕಂಡವರೇ. ಬ್ಲೀಚಿಂಗ್ ಪೌಡರಿನ ನೀರು ಎಷ್ಟು ಸುರಿದರೂ ನಾಲ್ಕು ದಿನದಲ್ಲಿ ಮತ್ತೆ ಹಾಜರು. ಅದು ಬರೀ ಕೊಳೆಯಲ್ಲ, ಬ್ಯಾಕ್ಟೀರಿಯಾಗಳು ತಾವೇ ಕಟ್ಟಿಕೊಂಡ ಮನೆ. ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ಹಲ್ಲಿನ ಮೇಲೆ ಕಟ್ಟುವ ಪಾಚಿಯೂ ಇದೇ ಜಾತಿಯದು.

ನೀರಲ್ಲಿ ತೇಲುವ ಬ್ಯಾಕ್ಟೀರಿಯಾ ಅಂಟಿ ಕೂರಬೇಕೋ, ಬಿಟ್ಟು ಹೊರಡಬೇಕೋ ಎಂಬುದರಲ್ಲಿ ಊಟದ ಲೆಕ್ಕವಿದೆ. ಸ್ಯೂಡೊಮೊನಾಸ್ ಪುಟಿಡ ಎಂಬುದು ಆಹಾರ ಸಿಗುವ ತನಕ ಲೋಳೆಯಲ್ಲಿ ಕೂತಿರುತ್ತದೆ, ಮುಗಿದರೆ ಕಳಚಿಕೊಂಡು ಹೋಗುತ್ತದೆ. ನಮ್ಮ ಗಿರಾಕಿಗಳ ಹಾಗೆಯೇ! ಇ. ಕೋಲಿಯದು ಉಲ್ಟಾ. ಆಹಾರ ಕಡಿಮೆಯಾದಾಗಲೇ ಅಂಟುವ ನಾರು ನೇಯುತ್ತದೆ.

ಇಂಥ ಅನೇಕ ಬ್ಯಾಕ್ಟೀರಿಯಾಗಳ ಒಳಗೆ ಸೈಕ್ಲಿಕ್ ಡೈ-ಜಿಎಂಪಿ ಎಂಬ ಸಣ್ಣ ಅಣುವೊಂದಿದೆ. ಅದು ಏರಿದರೆ ಕೂರು ಎಂದರ್ಥ, ಇಳಿದರೆ ಹೊರಡು ಎಂದರ್ಥ. 1987ರಲ್ಲಿ ಇಸ್ರೇಲಿನ ಮೋಶೆ ಬೆಂಜಿಮನ್ ಅವರ ತಂಡ ಇದನ್ನು ಕಂಡುಹಿಡಿದದ್ದು ವಿನೆಗರ್ ಬಳಗದ ಒಂದು ಬ್ಯಾಕ್ಟೀರಿಯಾದಲ್ಲಿ. ಅದೇ ಬಳಗದವು ಎಳನೀರಿನ ಮೇಲೆ ಕಟ್ಟುವ ದಪ್ಪ ಪದರವನ್ನೇ ಫಿಲಿಪೈನ್ಸಿನವರು ನಾಟಾ ಡಿ ಕೊಕೊ ಎಂದು ತುಂಡು ಮಾಡಿ ಸಿಹಿಯಲ್ಲಿ ಹಾಕಿ ತಿನ್ನುತ್ತಾರೆ. ಲೋಳೆಯೆಲ್ಲ ಶತ್ರುವಲ್ಲ.

ವಿಜ್ಞಾನಿಗಳು ಈಗ ಈ ಅಣುವನ್ನು ತಯಾರಿಸುವ ಕಿಣ್ವದ ಜೀನಿಗೆ ತಮಗೆ ಬೇಕಾದ ಸ್ವಿಚ್ಚು ಜೋಡಿಸಬಲ್ಲರು. ಇ. ಕೋಲಿಯಲ್ಲಿ ಅರಾಬಿನೋಸ್ ಎಂಬ ಸಕ್ಕರೆಯ ಸ್ವಿಚ್ಚು ಪ್ರಸಿದ್ಧ. ಅರಾಬಿನೋಸ್ ಕೊಟ್ಟರೆ ಜೀನ್ ಕೆಲಸ ಶುರು ಮಾಡುತ್ತದೆ, ಗ್ಲೂಕೋಸ್ ಬೆರೆಸಿದರೆ ತಗ್ಗುತ್ತದೆ. ಅಂದರೆ ಯಾವ ಸಕ್ಕರೆ ಬಡಿಸುತ್ತೇವೆ ಎಂಬುದರ ಮೇಲೆ ಬ್ಯಾಕ್ಟೀರಿಯಾ ಅಂಟುವುದನ್ನು ಹತೋಟಿಯಲ್ಲಿಡಬಹುದು. ಕೊಳಚೆ ನೀರು ಶುದ್ಧ ಮಾಡುವಲ್ಲಿ ಕೆಲಸದ ಬ್ಯಾಕ್ಟೀರಿಯಾ ನೀರಿನ ಜೊತೆ ಕೊಚ್ಚಿಹೋಗದೆ ನಿಂತಿರಬೇಕಲ್ಲ, ಅಂಥ ಕಡೆ ಈ ವಿದ್ಯೆಗೆ ಬೆಲೆ.

ನಮ್ಮ ಅಡುಗೆಮನೆಗೆ ಜೀನು ತಿದ್ದುವ ಮಾತು ಬೇಡ. ಆದರೆ ಅನ್ನದ ಅಗುಳು, ಸಾಂಬಾರಿನ ಜಿಡ್ಡು ಸಿಂಕಿಗೆ ಬಿಡುವುದು ಲೋಳೆಗೆ ಊಟ ಬಡಿಸಿದಂತೆಯೇ. ಹಾಗೆಂದು ಉಪವಾಸ ಕೆಡವಿದರೆ ಸಾಕು ಎನ್ನುವಂತಿಲ್ಲ. ಕಳಚಿದವು ನೀರಿನೊಡನೆ ಇನ್ನೊಂದು ಕಡೆ ಹೋಗಿ ಕೂರುತ್ತವೆ, ಇ. ಕೋಲಿಯಂಥವು ಇನ್ನೂ ಬಿಗಿಯಾಗುತ್ತವೆ. ಕ್ಲೋರಿನ್ ಲೋಳೆಯ ಮೇಲ್ಪದರದಲ್ಲೇ ಖರ್ಚಾಗುವುದರಿಂದ ಒಳಗಿನವು ಬದುಕಿಕೊಳ್ಳುತ್ತವೆ. ಆದ್ದರಿಂದ ಮೊದಲು ಸೋಪು ಹಾಕಿ ಬ್ರಷ್‌ನಲ್ಲಿ ಉಜ್ಜಿ ಲೋಳೆ ತೆಗೆದು, ನೀರಲ್ಲಿ ತೊಳೆದು, ಆಮೇಲೆ ಬ್ಲೀಚಿಂಗ್, ಕೊನೆಗೆ ಒಣಗಿಸುವುದು. ಹುಡುಗರು ಹೆಚ್ಚಾಗಿ ಮರೆಯುವುದು ವಾಟರ್ ಕೂಲರಿನ ನಲ್ಲಿಯ ಒಳಬಾಯಿ, ಮಿಕ್ಸಿ ಜಾರಿನ ರಬ್ಬರು ಮತ್ತು ನೀರಿನ ಟ್ಯಾಂಕಿನ ಗೋಡೆ.