ಇಟ್ಟಂಗಿ ಮೇಲಿನ ಸಿಮೆಂಟ್ ಕಲೆಗೆ ಆಸಿಡ್ ಒಂದೇ ಮದ್ದಲ್ಲ!

ಚಿಕ್ಕೇರೂರು: ಗಿಲಾವು ಮಾಡದೆ ಕೆಂಪಗೆ ಬಿಟ್ಟ ಇಟ್ಟಂಗಿ ಗೋಡೆ ನೋಡಲು ಚೆಂದ. ಆದರೆ ಗೌಂಡಿ ಕೆಲಸ ಮುಗಿಸಿ ಹೋದ ಮೇಲೆ ನೋಡಿದರೆ ಗೋಡೆ ತುಂಬ ಬೂದಿ ಬಣ್ಣದ ಕಲೆ. ಮನೆ ಮಾಲೀಕರು ಗಾಬರಿಯಾಗಿ ಅಂಗಡಿಗೆ ಓಡಿ “ಒಂದು ಬಾಟ್ಲಿ ಆಸಿಡ್ ಕೊಡ್ರಿ” ಅಂತಾರೆ. ಹಾನಿ ಶುರುವಾಗೋದೇ ಅಲ್ಲಿಂದ.

ಗಚ್ಚು ಬಿದ್ದ ದಿನವೇ ನೋಡಿಕೊಂಡರೆ ದುಡ್ಡಿಲ್ಲದೆ ಕೆಲಸ ಮುಗಿಯುತ್ತದೆ. ಹಸಿ ಗಚ್ಚನ್ನು ಒದ್ದೆ ಅರಿವೆಯಿಂದ ಒರೆಸಬಾರದು, ಕಲೆ ಇನ್ನಷ್ಟು ಅಗಲಕ್ಕೆ ಬಳಿದುಕೊಳ್ಳುತ್ತದೆ. ಸ್ವಲ್ಪ ಬಿಗಿಯಾಗಲು ಬಿಟ್ಟು, ಕಟ್ಟಿಗೆ ಚೂರಿನಿಂದ ಉದುರಿಸಿ ಒಣ ಬ್ರಷ್ ಆಡಿಸಿದರಾಯಿತು. ಸಂಜೆ ಕೆಲಸ ಬಿಡುವಾಗ ಅಟ್ಟದ ಹಲಗೆಯನ್ನು ಗೋಡೆಯಿಂದ ದೂರ ಸರಿಸಿಡಿ. ರಾತ್ರಿ ಮಳೆ ಬಂದರೆ ಹಲಗೆ ಮೇಲಿನ ಗಚ್ಚೆಲ್ಲ ಗೋಡೆಗೇ ಸಿಡಿಯುತ್ತದೆ. ಇಷ್ಟು ಸಣ್ಣ ಮಾತನ್ನು ಕೇಳುವವರು ಎಷ್ಟು ಮಂದಿ ಹೇಳಿ?

ಒಣಗಿ ಕಲ್ಲಾಗಿದ್ದರೆ ಅದೇ ಬಣ್ಣದ ಇಟ್ಟಂಗಿ ಚೂರಿನಿಂದ ಉಜ್ಜಿ ನೋಡಿ. ತೆಳು ಕಲೆ ಅದರಲ್ಲೇ ಹೋಗುತ್ತದೆ.

ಇನ್ನು ಆಸಿಡ್ಡು. ಸಿಮೆಂಟಿನಲ್ಲಿರುವ ಸುಣ್ಣದ ಅಂಶವನ್ನು ಅದು ಕರಗಿಸುವುದು ನಿಜ. ಆದರೆ ಕಲೆ ಯಾವುದು, ಸಂದಿನ ಗಚ್ಚು ಯಾವುದು ಎಂಬ ಭೇದ ಅದಕ್ಕೆಲ್ಲಿದೆ? ಮೆತ್ತಗಿನ ಭಟ್ಟಿ ಇಟ್ಟಂಗಿಯಾದರೆ ಅದನ್ನು ಗಟಗಟ ಕುಡಿದುಬಿಡುತ್ತದೆ. ಆಮೇಲೆ ಹಳದಿ ಕಲೆ ಏಳುವುದೂ ಉಂಟು. ಸುಣ್ಣದ ಗಚ್ಚಿನ ಹಳೇ ಮನೆಗಂತೂ ಬೇಡವೇ ಬೇಡ.

ಹಾಕಲೇಬೇಕಾದರೆ ಗೋಡೆಗೆ ಕನಿಷ್ಠ ಒಂದು ವಾರವಾದರೂ ಆಗಿರಲಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹತ್ತು ಪಾಲು ನೀರು, ಅದಕ್ಕೆ ಒಂದು ಪಾಲು ಆಸಿಡ್. ನೀರಿಗೇ ಆಸಿಡ್ ಸುರಿಯಬೇಕು. ಆಸಿಡ್ಡಿಗೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರೀತು. ಗೋಡೆಯನ್ನು ಮೊದಲೇ ಚೆನ್ನಾಗಿ ನೆನೆಸಿ, ಒಂದೊಂದೇ ಮೊಳ ಜಾಗ ಉಜ್ಜಿ, ಕೂಡಲೇ ನೀರು ಹೊಡೆಯಿರಿ. ಕಬ್ಬಿಣದ ಕಿಟಕಿಗೆ ತಾಗಿಸಬೇಡಿ. ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಿದರೆ ವಿಷದ ಗಾಳಿ ಏಳುತ್ತದೆ, ಹುಷಾರು.

ಮಳೆಗಾಲ ಕಳೆದ ಮೇಲೆ ಗೋಡೆ ಮೇಲೆ ಏಳುವ ಬಿಳಿ ಪುಡಿ ಸಿಮೆಂಟಲ್ಲ, ಉಪ್ಪು. ಅದಕ್ಕೆ ಒಣ ಬ್ರಷ್ ಸಾಕು.

ಅಂಗಡಿಯವರಿಗೂ ಒಂದು ಮಾತು. ಆಸಿಡ್ ದಾಳಿಗಳು ಹೆಚ್ಚಿದ ಮೇಲೆ ಸುಪ್ರೀಂ ಕೋರ್ಟು 2013ರ ಜುಲೈ 18ರಂದು ಆದೇಶ ಮಾಡಿದೆ. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಯಾತಕ್ಕೆ ಎಂದು ಕೇಳಬೇಕು, ಹೆಸರು, ವಿಳಾಸ, ಎಷ್ಟು ಕೊಟ್ಟಿರಿ ಎಂಬುದನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. 18 ವರ್ಷ ತುಂಬದವರಿಗೆ ಕೊಡುವಂತಿಲ್ಲ. ತಪ್ಪಿದರೆ ಉಪವಿಭಾಗಾಧಿಕಾರಿ 50,000 ರೂಪಾಯಿವರೆಗೆ ದಂಡ ಹಾಕಬಹುದು. “ಪರಿಚಯದವರೇ ಬಿಡ್ರಿ” ಎಂದರೆ ನಡೆಯುವುದಿಲ್ಲ.

ಕೈಚೀಲ, ಕನ್ನಡಕ ಕೊಡದೆ ಕೂಲಿಯವರ ಕೈಗೆ ಆಸಿಡ್ ಬಕೆಟ್ ಕೊಡುವ ಮಾಲೀಕರಿದ್ದಾರೆ. ಹನಿ ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ಬಿಡದೆ ತೊಳೆದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.